ಬೀಗ ಹಾಕದ ಬೀರುವಿಗೊಂದು ವಿಮಾನ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಮಾತು)



ಶಾಲೆಗೆಂದು ನಾನು ತಂದಿರುವುದು ಒಂದು ಪುಟ್ಟ ಪ್ಲಾಸ್ಟಿಕ್ ವಿಮಾನ. ಎಚ್‌ಎಎಲ್ ಕಟ್ಟಿದ, 1961ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಜೆಟ್ ಯುದ್ಧವಿಮಾನ ‘ಮಾರುತ್’ನ ಮಾದರಿ ಇದು. ಅದರ ಉದ್ದ 15.87 ಮೀಟರ್. 72ರಿಂದ ಭಾಗಿಸಿದರೆ ಸುಮಾರು 22 ಸೆಂಟಿಮೀಟರ್. ಮಕ್ಕಳೇ, ಅಳತೆಪಟ್ಟಿ ಇಟ್ಟು ನೋಡಿ. ಈ ಅನುಪಾತದ ಲೆಕ್ಕ ನಾನು ಕಲಿತದ್ದು ಇದೇ ಶಾಲೆಯಲ್ಲಿ.

ಬಿಡಿಭಾಗಗಳ ಅಂಚನ್ನು ಮರಳು ಕಾಗದದಿಂದ ಉಜ್ಜಿ ಅಂಟಿಸಿದೆ. ಬಣ್ಣದಲ್ಲಿ ಮಾತ್ರ ಅವಸರಪಟ್ಟೆ. ಒಂದೇ ಸಲಕ್ಕೆ ದಪ್ಪಗೆ ಬಳಿದೆ. ಮೈಮೇಲಿನ ಸಣ್ಣ ಗೆರೆಗಳೆಲ್ಲ ಮುಚ್ಚಿಹೋದವು. ಅದನ್ನೆಲ್ಲ ತೆಗೆದು, ಮತ್ತೆ ತೆಳುವಾಗಿ ಮೂರು ಸಲ, ಪ್ರತಿ ಸಲವೂ ಒಣಗಲು ಬಿಟ್ಟು ಬಳಿದೆ. ಕೊನೆಗೆ ವಾಯುಪಡೆಯ ಲಾಂಛನದ ಚೀಟಿಯನ್ನು ನೀರಿನಲ್ಲಿ ನೆನೆಸಿ ಕೂರಿಸಿದೆ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಎಡರೆಕ್ಕೆಯ ಅಡಿಯಲ್ಲಿ ಮೊದಲ ಬಣ್ಣದ ಕಲೆ ಇನ್ನೂ ಇದೆ.

ಗುರುಗಳಲ್ಲಿ ಒಂದೇ ಬಿನ್ನಹ. ಇದನ್ನು ಬೀರುವಿನಲ್ಲಿಡಿ, ಆದರೆ ಬೀಗ ಹಾಕಬೇಡಿ. ಮಕ್ಕಳು ಕೈಯಲ್ಲಿ ಹಿಡಿದು ಅಳೆಯಲಿ. ಮುರಿದರೆ ಹೇಳಿ ಕಳಿಸಿ, ಅಂಟು ತೆಗೆದುಕೊಂಡು ಬರುತ್ತೇನೆ. ಅಂಟಿಸುವುದು ಮಾತ್ರ ಅವರೇ.