ಹೃದಯ ನೋಡಿದಿರಿ, ಕಾಲನ್ನೂ ನೋಡಿ



2025ರ ಜೂನ್, ಜುಲೈ ತಿಂಗಳು ನೆನಪಿದೆ ಅಲ್ವಾ? ಹಾಸನ ಜಿಲ್ಲೆಯಲ್ಲಿ ಹೃದಯಾಘಾತಕ್ಕೆ ಸಾಲು ಸಾಲು ಸಾವು ಅಂತ ನಾವು ಟಿವಿಯವರು ದಿನವಿಡೀ ಹೇಳಿದೆವು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನೇ ಮಾಡಿತು. ಹೃದಯ ನಿಂತರೆ ಸುದ್ದಿ. ಕಾಲು ಕೊಳೆತರೆ? ಅದು ಪ್ಯಾಂಟಿನ ಒಳಗೇ ಮುಚ್ಚಿಹೋಗುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಪ್ಪ ಅಮ್ಮಂದಿರೇ, ಇವತ್ತು ನಾನು ಮಾತಾಡ್ತಿರೋದು ನಿಮ್ಮ ಜತೆ. ಇಂಜೆಕ್ಷನ್ ನಶೆ ಅಂದರೆ ಪಂಜಾಬ್, ಮಣಿಪುರದ ಕಥೆ ಅಂದುಕೊಳ್ಳಬೇಡಿ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಏಮ್ಸ್ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ ನಶೆಗೆ ಸೂಜಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಟ್ಯಾಪೆಂಟಡಾಲ್ ಮಾತ್ರೆ ಹಿಡಿದ ಸುದ್ದಿಯನ್ನು ನಮ್ಮ ರಾಜ್ಯದಲ್ಲೂ ಮತ್ತೆ ಮತ್ತೆ ಕೇಳಿದ್ದೇವೆ. ತೀವ್ರ ನೋವಿಗೆ ವೈದ್ಯರು ಬರೆದುಕೊಡುವ, ನುಂಗಬೇಕಾದ ಮಾತ್ರೆ ಅದು. ಅದನ್ನೇ ಪುಡಿ ಮಾಡಿ ರಕ್ತಕ್ಕೆ ಏರಿಸಿಕೊಳ್ಳುವ ಚಟ ಹುಟ್ಟಿದೆ.

ಆಗ ಏನಾಗುತ್ತೆ ಗೊತ್ತಾ? ಮಾತ್ರೆಯಲ್ಲಿ ಔಷಧ ಮಾತ್ರ ಇರಲ್ಲ. ಗಟ್ಟಿಯಾಗಿ ನಿಲ್ಲಲಿ ಅಂತ ಹಾಕಿದ ಪಿಷ್ಟ, ಟಾಲ್ಕ್ ತರಹದ ಪುಡಿಗಳೂ ಇರುತ್ತವೆ. ಅವು ಕರಗುವುದಿಲ್ಲ. ರಕ್ತನಾಳವನ್ನು ಕೆರಳಿಸುತ್ತವೆ, ಸಣ್ಣ ನಾಳಗಳನ್ನು ಕಟ್ಟುತ್ತವೆ, ಶ್ವಾಸಕೋಶಕ್ಕೂ ಹೋಗಿ ಕೂರುತ್ತವೆ. ಮೊದಲು ಕೈಯ ನರಗಳು ಹಗ್ಗದಂತೆ ಗಟ್ಟಿಯಾಗುತ್ತವೆ. ಕೈ ಮುಗಿದರೆ ಕಾಲು. ಕಾಲೂ ಮುಗಿದರೆ ತೊಡೆಸಂದು. ಅಲ್ಲಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ, ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವವೇ ಹೋಗಬಹುದು. ಸೂಜಿ ತಪ್ಪಿ ಅಪಧಮನಿಗೆ ಹೋದರೆ ಬೆರಳು, ಪಾದ ಕಪ್ಪಗಾಗಿ ಕತ್ತರಿಸುವ ಸ್ಥಿತಿ ಬರುತ್ತದೆ.

ಬದುಕಿ ಉಳಿದರೂ ಕಾಲು ಬಿಡುವುದಿಲ್ಲ. ಹೇಮಾವತಿ ನಾಲೆಯ ಸೀಮೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರು ಹೊರಹೋಗುವ ದಾರಿ ಕಟ್ಟಿದರೆ ಗದ್ದೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಅಲ್ವಾ? ಕಾಲಿನ ರಕ್ತ ಮೇಲಕ್ಕೆ ಹೋಗಲು ನಾಳದೊಳಗೆ ಪುಟ್ಟ ಕವಾಟಗಳಿವೆ. ಅವು ಹಾಳಾದರೆ ರಕ್ತ ಕೆಳಗೇ ನಿಲ್ಲುತ್ತದೆ. ಕಾಲು ಊದುತ್ತದೆ, ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಾಗುತ್ತದೆ, ಒಂದು ಸಣ್ಣ ಗೀರು ಸಾಕು, ಹುಣ್ಣಾಗುತ್ತದೆ. ತಿಂಗಳುಗಟ್ಟಲೆ ಮಾಯುವುದಿಲ್ಲ. ನಶೆ ಬಿಟ್ಟು ವರ್ಷಗಳಾದ ಮೇಲೂ ಬರಬಹುದು.

ಇದಕ್ಕೆ ಚಿಕಿತ್ಸೆ ಇಲ್ವಾ? ಇದೆ. ಹುಣ್ಣನ್ನು ಶುಚಿ ಮಾಡಿ ಕಟ್ಟುವುದು, ಕೂತಾಗ ಕಾಲು ಎತ್ತರಕ್ಕಿಡುವುದು, ಡಾಪ್ಲರ್ ಪರೀಕ್ಷೆಯಲ್ಲಿ ಅಪಧಮನಿ ಸರಿಯಿದೆ ಅಂತ ಗೊತ್ತಾದ ಮೇಲೆ ಒತ್ತಡದ ಬ್ಯಾಂಡೇಜ್ ಸುತ್ತುವುದು. ಜತೆಗೆ ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆ. ಎರಡಕ್ಕೂ ಸರ್ಕಾರದಿಂದ ಉಚಿತ ಔಷಧ ಇದೆ.

ಹಾಗಾದರೆ ಹುಡುಗರು ಯಾಕೆ ಬರಲ್ಲ? ಒಂದು ನಾಚಿಕೆ, ಇನ್ನೊಂದು ಪೊಲೀಸ್ ಭಯ. ಅಪ್ಪನಿಗೆ 'ಬೈಕಿಂದ ಬಿದ್ದೆ' ಅಂತಾರೆ, ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತಾರೆ. ಅವರಿಗೆ ಕಾನೂನು ತಿಳಿದಿಲ್ಲ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೇ. ಮಾರುವವನಿಗೆ ಜೈಲಾಗಲಿ, ನನ್ನ ತಕರಾರಿಲ್ಲ. ಕಾಲು ಕೊಳೆತವನಿಗೆ ಬೇಕಾಗಿರೋದು ಆಸ್ಪತ್ರೆಯ ಮಂಚ.

ಜಿಲ್ಲಾಡಳಿತಕ್ಕೆ ನನ್ನದು ಒಂದೇ ಕೇಳಿಕೆ. ಹಾಸನದ ಹಿಮ್ಸ್‌ನಲ್ಲಿ ಶಸ್ತ್ರಚಿಕಿತ್ಸಾ ವಿಭಾಗವೂ ಇದೆ, ಮನೋವೈದ್ಯ ವಿಭಾಗವೂ ಇದೆ. ಹುಣ್ಣಿಗೆ ಒಂದು ಚೀಟಿ, ನಶೆಗೆ ಇನ್ನೊಂದು ಚೀಟಿ ಅಂತ ಅಲೆಸಬೇಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಡ್ರೆಸ್ಸಿಂಗ್ ಮಾಡುವವರು ಬೈಯದೆ ಮಾಡಲಿ. ಒಂದು ಸಲ ಬೈಸಿಕೊಂಡವನು ಮತ್ತೆ ಬರುವುದಿಲ್ಲ.

ಮನೆಯವರೇ, ಮಗ ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚದಿದ್ದರೆ, ಕುಂಟುತ್ತಿದ್ದರೆ, ಹೊಡೆಯಬೇಡಿ. ಕೂರಿಸಿ ಕೇಳಿ. ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ-ಮನಸ್ 14416, ಎರಡೂ ಉಚಿತ. ಹುಣ್ಣು ತೋರಿಸಲು ಬಂದ ದಿನವೇ ನಶೆಯ ಮಾತು ಎತ್ತಲು ಸರಿಯಾದ ದಿನ. ಆ ದಿನ ಬಾಗಿಲು ಹಾಕಬೇಡಿ.