ಅಕ್ಕನ ಸ್ಲೇಟು
(ಲಕ್ಷ್ಮೀಪುರಂ ಸಭೆಯಲ್ಲಿ ಆಡಿದ ಮಾತು)



ಬೆಳಗಾದರೆ ಈ ಲಕ್ಷ್ಮೀಪುರಂ ಮನೆಗಳಿಗೆ ಮುಸುರೆ ತಿಕ್ಕೋಕೆ ಬರುವ ನಮ್ಮ ಅವ್ವಂದಿರು ಕೂಸನ್ನು ಯಾರ ಕೈಗೆ ಕೊಟ್ಟು ಬರುತ್ತಾರೆ? ಎಂಟು ವರ್ಷದ ಮಗಳ ಕೈಗೆ. ಕೂಸು ಕಂಕುಳಿಗೆ ಬಂತು, ಸ್ಲೇಟು ಮೂಲೆಗೆ ಬಿತ್ತು. ನಮ್ಮಲ್ಲಿ ಎಷ್ಟೋ ಜನ ಬೆಳೆದದ್ದು ಅಂಥ ಅಕ್ಕಂದಿರ ಕಂಕುಳಲ್ಲೇ. ನಾವು ಹಾಸ್ಟೆಲ್ ಸೇರಿದೆವು, ಅವರು ಓದಲಿಲ್ಲ.

ಅಂಗನವಾಡಿ ಯಾರ ದಾನವೂ ಅಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಿ. ನರಸೀಪುರಕ್ಕೆ. ಆರು ವರ್ಷದೊಳಗಿನ ಮಕ್ಕಳಿಗೆ ಆಹಾರ, ಚುಚ್ಚುಮದ್ದು. ಮೂರು ತುಂಬಿದವರಿಗೆ ಆಟ, ಪಾಠ. ಬಸುರಿ ಬಾಣಂತಿಯರಿಗೂ ಆಹಾರ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಹೇಳಿತು: ಆ ವಯಸ್ಸಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿಯವರು, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು, ದಲಿತ ಕೇರಿಗಳಿಗೆ ಮೊದಲ ಆದ್ಯತೆ.

ಆದರೆ ಕೇಳಬೇಕಲ್ಲ! ಕೇಳೋಕೆ ಅರ್ಜಿ ಬೇಕು. ಬರೆಯೋಕೆ ಬರೋದು ನಮಗೆ. ಭಾನುವಾರ ಕೇರಿಗೆ ಹೋಗೋಣ. ಮಕ್ಕಳ ಹೆಸರು, ವಯಸ್ಸು ಬರೆದುಕೊಳ್ಳೋಣ. ಅವ್ವಂದಿರ ರುಜು, ಹೆಬ್ಬೆಟ್ಟು ಹಾಕಿಸಿ ಸಿಡಿಪಿಓ ಆಫೀಸಿಗೆ ಕೊಟ್ಟು, ನಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳೋಣ. ಆ ತಾರೀಖಿನಿಂದ ಮೂರು ತಿಂಗಳು ಎಣಿಸೋಣ.

ಅಕ್ಕನ ಸ್ಲೇಟು ಅಕ್ಕನ ಕೈಗೆ ವಾಪಸ್ ಬರಲಿ.