ಹೂಮಳೆಯ ಲೆಕ್ಕ

(ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಿದ್ಯಾರಣ್ಯಪುರದ ಬೀದಿಗಳಲ್ಲಿ ಹೊಂಗೆ ಚಿಗುರುವುದು ಯುಗಾದಿಯ ಆಸುಪಾಸಿನಲ್ಲಿ. ಎಳೆಹಸಿರಿನ ಬೆನ್ನಿಗೇ ಹೂವು, ಹೂವಿನ ಬೆನ್ನಿಗೆ ಜೇನು. ಮರಕ್ಕೆ ಪಂಚಾಂಗ ಓದಿ ಹೇಳಿದವರು ಯಾರು? ಹಗಲಿನ ಉದ್ದ, ಉಷ್ಣತೆ, ಮಣ್ಣಿನ ತೇವ ಇವುಗಳಿಂದಲೇ ಸಸ್ಯಗಳು ಕಾಲವನ್ನು ಅರಿಯುತ್ತವೆ. ಹಗಲಿನ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗದು, ಉಳಿದೆರಡು ಬದಲಾಗುತ್ತಿವೆ. ಒಂದು ಜೀವಿ ಹಗಲನ್ನೂ ಅದನ್ನು ಆಶ್ರಯಿಸಿದ ಇನ್ನೊಂದು ಮಳೆಯನ್ನೂ ನಂಬಿದ್ದರೆ ಅವೆರಡರ ಭೇಟಿಯೇ ತಪ್ಪಬಹುದು.

ಜಪಾನಿನ ಕ್ಯೋಟೋದಲ್ಲಿ ಚೆರಿ ಹೂವಿನ ದಾಖಲೆ ಒಂಬತ್ತನೆಯ ಶತಮಾನದಿಂದ ದೊರೆಯುತ್ತದೆ. 2021ರಲ್ಲಿ ಅದು ಮಾರ್ಚ್ 26ಕ್ಕೇ ತುಂಬಿ ಅರಳಿತು. 1200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದು ಅದೇ ಮೊದಲು.

ಮಲೆನಾಡಿನಲ್ಲಿ ಇದನ್ನು ಕಾಫಿ ಗಿಡವೇ ತೋರಿಸುತ್ತಿದೆ. ಚಳಿಗಾಲದ ಒಣಹವೆಯಲ್ಲಿ ಕಾಫಿಯ ಮೊಗ್ಗು ನಿದ್ರಿಸುತ್ತದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಸುಮಾರು ಒಂದು ಇಂಚು ಹೂಮಳೆ ಸುರಿದರೆ ಎಚ್ಚೆತ್ತು, ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಸಾಲದಿದ್ದರೆ ಮೊಗ್ಗು ಪೂರ್ಣ ಅರಳದು. ಅರಳಿದ ಮೇಲೂ ಕೆಲವು ವಾರಗಳೊಳಗೆ, ಬೆಳೆಗಾರರು ಬ್ಯಾಕಿಂಗ್ ಎನ್ನುವ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲದು. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಹೂವು ಬಾಳುವ ಎರಡು-ಮೂರು ದಿನಗಳಲ್ಲೇ ಗಾಳಿಯೋ ಹೆಜ್ಜೇನೋ ತುಡುವೆಯೋ ಆ ಕೆಲಸ ಮುಗಿಸಬೇಕು. ಎಷ್ಟು ಸೂಕ್ಷ್ಮವಾದ ಕರಾರು!

2021ರ ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರುಗಳಲ್ಲಿ ಕೊಯ್ಲಿನ ನಡುವೆಯೇ ಮಳೆ ಸುರಿಯಿತು. ಕಣದಲ್ಲಿ ಹರಡಿದ್ದ ಕಾಫಿ ತೊಯ್ದಿತು. ಹಣ್ಣು ಇನ್ನೂ ಗಿಡದಲ್ಲಿರುವಾಗಲೇ ಹೂವು ಅರಳಿದರೆ ಕೊಯ್ಯುವ ಕೈ ಹಣ್ಣಿನೊಡನೆ ಮುಂದಿನ ವರ್ಷದ ಫಸಲನ್ನೂ ಉದುರಿಸುತ್ತದೆ. ಕೊಯ್ಯದೆ ಬಿಟ್ಟರೆ ಹಣ್ಣು ನೆಲಕ್ಕೆ. 2024ರ ಏಪ್ರಿಲ್‌ನದು ಇದಕ್ಕೆ ವಿರುದ್ಧವಾದ ಕಥೆ: ಬೆಂಗಳೂರಿನಲ್ಲಿ ಇಡೀ ತಿಂಗಳು ಹನಿ ಮಳೆಯಿಲ್ಲ. 1983ರ ನಂತರ ಅಂಥ ಏಪ್ರಿಲ್ ಬಂದಿರಲಿಲ್ಲ.

ಕೆರೆಯಿದ್ದವರು ಸ್ಪ್ರಿಂಕ್ಲರ್ ಹಾಕಿ ಹೂವು ಬರಿಸುತ್ತಾರೆ. ಎರಡೆಕರೆಯ ಬೆಳೆಗಾರ ಆಕಾಶ ನೋಡುತ್ತಾನೆ. ಬೇಸಿಗೆಯ ಹಳ್ಳವೊಂದಕ್ಕೆ ಹತ್ತು ಪಂಪುಗಳು ಇಳಿದರೆ ಕೆಳಗಿನ ಊರಿಗೆ ಕುಡಿಯಲು ಏನುಳಿದೀತು? ಇದನ್ನು ಪರಿಹಾರವೆಂದು ಕರೆಯುವುದು ಕಷ್ಟ.

ಎಷ್ಟೋ ತೋಟಗಳಲ್ಲಿ ತಲೆಮಾರುಗಳಿಂದ ಮಳೆಯ ಲೆಕ್ಕದ ಪುಸ್ತಕಗಳಿವೆ. ಅದೇ ಪುಟದಲ್ಲಿ ಹೂವು ಬಿರಿದ ದಿನ, ಹೆಜ್ಜೇನು ಮರಕ್ಕೆ ಕಟ್ಟಿದ ದಿನ, ಮೊದಲ ಮಿಂಚುಹುಳು ಕಂಡ ರಾತ್ರಿ ಇವನ್ನೂ ಬರೆದಿಡಬಹುದು. ಇಲ್ಲಿನ ವಿದ್ಯಾರ್ಥಿಗಳಿಗೆ ತೋಟ ಬೇಕಿಲ್ಲ. ಬೀದಿಯ ಒಂದು ಹೊಂಗೆ, ವಾರಕ್ಕೊಂದು ಸಾಲು ಸಾಕು. ಯುಗಾದಿಗೆ ಇನ್ನೂ ಕಾಲವಿರುವಾಗಲೇ ಬರೆಯತೊಡಗಬೇಕು.